ಕೆಚ್ಚು ಕೂಡುವ ಬಗೆ

ಮನೆಯ ಬಾಗಿಲವಾಡಕ್ಕೆ ಮರವನ್ನು ಆರಿಸಲು ಹೋದವರಿಗೆ ಬಡಗಿಯು ಕೊಯ್ದ ದಿಮ್ಮಿಯ ಮುಖವನ್ನು ತೋರಿಸಿ, ಹೊರಸುತ್ತಿನ ಬಿಳಿಯ ಭಾಗಕ್ಕೆ ಬೇಗನೆ ಹುಳು ಹಿಡಿಯುವುದೆಂದೂ, ನಡುವಿನ ಬಣ್ಣಗೂಡಿದ ಭಾಗವೇ ತಲೆಮಾರುಗಳ ಕಾಲ ನಿಲ್ಲತಕ್ಕದ್ದೆಂದೂ ತಿಳಿಯಹೇಳಿ, ಆ ನಡುವಿನ ಭಾಗವನ್ನು ‘ಕೆಚ್ಚು’ ಎಂದು ಕರೆಯುವುದುಂಟು. ಇದೇ ಶಬ್ದವನ್ನು ನಮ್ಮ ಜನ ಮನುಷ್ಯನಿಗೂ ಸಲ್ಲಿಸಿ, ಬಂದ ಕಷ್ಟಕ್ಕೆ ಎದೆಗೊಟ್ಟು ನಿಂತವನನ್ನು ಕೆಚ್ಚುಳ್ಳವನೆಂದು, ಕೆಚ್ಚೆದೆಯವನೆಂದು ಹೊಗಳಿದರು. ತೇಗಕ್ಕಾಗಲಿ ಹಲಸಿಗಾಗಲಿ ಕೆಚ್ಚನ್ನು ಹೊರಗಿನಿಂದ ಬಳಿಯಲು ಬಾರದು. ಯಾವ ಮೆತ್ತನೆಯ ಮರವು ಒಂದು ಕಾಲದಲ್ಲಿ ಬೇರಿನ ನೀರನ್ನು ಎಲೆಗಳವರೆಗೆ ಹೊತ್ತು ಮುಟ್ಟಿಸುತ್ತಿತ್ತೋ ಆ ಮರವೇ ವರ್ಷ ವರ್ಷಕ್ಕೆ ಒಳಸೇರಿ, ಬಲಿತು, ಕೊನೆಗೆ ಕೆಚ್ಚಾಗುತ್ತದೆ.

ಈ ಮಾತನ್ನು ಈಗ ನೆನೆಯಲು ಕಾರಣವಿದೆ. ಮಕ್ಕಳು ಸಣ್ಣ ಸೋಲಿಗೂ ಕುಗ್ಗಿಹೋಗುತ್ತಿದ್ದಾರೆಂಬ ಕಳವಳವು ಇಂದು ತಂದೆತಾಯಿಗಳ ಮಾತಿನಲ್ಲಿಯೂ ಶಾಲೆಗಳ ಪಾಲಕರ ಸಭೆಗಳಲ್ಲಿಯೂ ಕೇಳಿಬರುತ್ತಿದೆ; ಮಕ್ಕಳು ಪುಸ್ತಕವನ್ನು ಕೈಯಲ್ಲಿ ಹಿಡಿಯುವುದಿಲ್ಲವೆಂಬ ಕೊರಗು ಅದರ ಪಕ್ಕದಲ್ಲಿಯೇ ಇದೆ. ಎರಡನ್ನೂ ಬೇರೆ ಬೇರೆ ವ್ಯಾಧಿಗಳೆಂದು ಬಗೆದು, ಮೊದಲನೆಯದಕ್ಕೆ ವ್ಯಕ್ತಿತ್ವ ವಿಕಸನ ಶಿಬಿರವನ್ನೂ ಎರಡನೆಯದಕ್ಕೆ ಓದುವ ಸ್ಪರ್ಧೆಯನ್ನೂ ಏರ್ಪಡಿಸುವುದು ವಾಡಿಕೆಯಾಗಿದೆ. ನನ್ನ ತಿಳಿವಳಿಕೆಯಲ್ಲಿ ಇವೆರಡೂ ಒಂದೇ ಬೇರಿನವು. ಮಗುವಿನ ಮನಸ್ಸು ದುಃಖವನ್ನು ತಾಳಿಕೊಳ್ಳಲು ಅಭ್ಯಾಸ ಮಾಡತಕ್ಕ ಗರಡಿಯು ಕಥೆ. ಆ ಗರಡಿಗೆ ಮಗುವಿನ ಕೈಹಿಡಿದು ಕರೆದೊಯ್ಯತಕ್ಕವರು, ಬಳಿಯಲ್ಲಿ ಕುಳಿತು ಓದಿ ಹೇಳುವ ಹಿರಿಯರು. ಇವೆರಡರಲ್ಲಿ ಒಂದು ತಪ್ಪಿದರೂ ಶಿಬಿರದ ಉಪದೇಶವು ಬಿಳಿಯ ಮರದ ಮೇಲೆ ಬಳಿದ ಬಣ್ಣದಂತೆ ಒಂದು ಮಳೆಗಾಲವನ್ನೂ ಕಾಣಲಾರದು.

ನಮ್ಮ ಹಿಂದಿನವರು ಈ ಮರ್ಮವನ್ನು ಬಲ್ಲವರಾಗಿದ್ದರೆಂಬುದಕ್ಕೆ ಕನ್ನಡದ ಮಕ್ಕಳು ಮೂರು ತಲೆಮಾರುಗಳಿಂದ ಕಲಿಯುತ್ತ ಬಂದಿರುವ ಮೂರು ಪದ್ಯಗಳೇ ಸಾಕ್ಷಿ. ಮೊದಲನೆಯದು ಜಿ.ಪಿ. ರಾಜರತ್ನಂ ಅವರ ತುತ್ತೂರಿಯ ಪದ್ಯ. ಬಣ್ಣದ ತಗಡಿನ ತುತ್ತೂರಿಯೊಂದನ್ನು ಕೊಂಡು ತಂದು, ಅದನ್ನು ಊದುತ್ತ ಹುಡುಗನು ಕೊಳದ ಬಳಿ ಬೀಗಿ ನಡೆಯುತ್ತಾನೆ; ತುತ್ತೂರಿ ಜಾರಿ ನೀರಿಗೆ ಬೀಳುತ್ತದೆ; ಬಣ್ಣ ಹೋಗುತ್ತದೆ, ದನಿಯೂ ಕೆಡುತ್ತದೆ. ನಾಲ್ಕೈದು ವರ್ಷದ ಕೂಸಿಗೆ ಲೋಕದಲ್ಲಿ ಇದಕ್ಕಿಂತ ದೊಡ್ಡ ನಷ್ಟವುಂಟೆ? ಜಂಬ ಸಲ್ಲದೆಂಬ ಪಾಠವನ್ನು ಹಿರಿಯರು ಆ ಪದ್ಯದಿಂದ ಹೆಕ್ಕಿ ತೆಗೆಯುವುದುಂಟಾದರೂ, ಕೂಸು ಅದನ್ನು ಹಾಡುವಾಗ ಅದರ ಕಣ್ಣು ನೆಟ್ಟಿರುವುದು ನೀರಿನಲ್ಲಿ ಕರಗುವ ಆ ಬಣ್ಣದ ಮೇಲೆ. ಮೆಚ್ಚಿನ ವಸ್ತುವೊಂದು ಕೈತಪ್ಪಿ ಹೋಗಬಹುದೆಂಬುದನ್ನೂ, ಹೋದ ಮೇಲೆ ಅದರ ಮೇಲೊಂದು ಹಾಡನ್ನು ಕಟ್ಟಬಹುದೆಂಬುದನ್ನೂ ಅದು ಏಕಕಾಲದಲ್ಲಿ ಕಲಿಯುತ್ತದೆ.

ಎರಡನೆಯದು ಗೋವಿನ ಹಾಡು. ಆಟಿಕೆಯ ನಷ್ಟವನ್ನು ತಾಳಿದ ಮಗುವಿಗೆ ಇಲ್ಲಿ ತಾಯಿಯ ಅಗಲಿಕೆಯೇ ಎದುರಾಗುತ್ತದೆ. ಕೊಟ್ಟ ಮಾತಿಗೆ ಕಟ್ಟುಬಿದ್ದು ಹುಲಿಯ ಬಳಿಗೆ ಮರಳಲು ನಿಂತ ಪುಣ್ಯಕೋಟಿಯೆಂಬ ಹಸುವು ಕರುವನ್ನು ಬೀಳ್ಕೊಳ್ಳುವ ಭಾಗದಲ್ಲಿ ಕಣ್ಣೀರಿಡದೆ ಮುಂದೆ ಸಾಗಿದ ಮಗುವನ್ನು ನಾನು ಕಂಡದ್ದು ಕಡಮೆ. ಮೂರನೆಯದು ಕುವೆಂಪು ಅವರು ಬ್ರೌನಿಂಗ್ ಕವಿಯ ಕಥನವನ್ನು ತುಂಗೆಯ ತೀರಕ್ಕೆ ತಂದು ನಿಲ್ಲಿಸಿದ ಬೊಮ್ಮನಹಳ್ಳಿಯ ಕಿಂದರಿಜೋಗಿ. ಹಿರಿಯರ ವಚನಭಂಗಕ್ಕೆ ಊರಿನ ಮಕ್ಕಳೆಲ್ಲರೂ ಬಲಿಯಾಗಿ ಬೆಟ್ಟದೊಳಗೆ ಮರೆಯಾಗುವಾಗ, ನಡೆಯಲಾರದೆ ಹಿಂದುಳಿದ ಕುಂಟ ಹುಡುಗನೊಬ್ಬನ ಏಕಾಂತವು ಆ ಪದ್ಯದ ಕುಣಿತದ ಲಯದ ಅಡಿಯಲ್ಲಿ ಇಂದಿಗೂ ಮಿಡಿಯುತ್ತಿದೆ. ತುತ್ತೂರಿ, ತಾಯಿ, ಊರು: ದುಃಖದ ವ್ಯಾಪ್ತಿಯು ಮಗುವಿನ ವಯಸ್ಸಿನೊಡನೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತದೆ. ಯಾರೂ ಒಂದೆಡೆ ಕುಳಿತು ಹೀಗೆ ಜೋಡಿಸಿದ್ದಲ್ಲ. ಭಾಷೆಯೊಂದು ತನ್ನ ಮಕ್ಕಳನ್ನು ಸಾಕುವ ವಿವೇಕವು ತಾನಾಗಿ ಜೋಡಿಸಿಕೊಂಡದ್ದು.

ಆದಕಾರಣವೇ ಕಥೆಗಳ ಮೊನೆಯನ್ನು ಮುರಿದು ಮಕ್ಕಳಿಗೆ ಕೊಡುವ ಈಚಿನ ಪದ್ಧತಿಯನ್ನು ನಾನು ಒಪ್ಪಲಾರೆ. ಗೋವಿನ ಹಾಡಿನ ಕೊನೆಯಲ್ಲಿ ಹುಲಿಯು ಪಶ್ಚಾತ್ತಾಪದಿಂದ ಹಾರಿ ಪ್ರಾಣ ಬಿಡುವುದನ್ನು ಮಗುವಿಗೆ ಹೇಳಬಾರದೆಂದು, ಹುಲಿಯೂ ಹಸುವೂ ಗೆಳೆಯರಾಗಿ ಬಾಳಿದರೆಂದು ತಿದ್ದಿ ಹೇಳುವ ತಾಯಂದಿರನ್ನು ಕಂಡಿದ್ದೇನೆ. ಅವರ ಅಂತಃಕರಣವನ್ನು ನಾನು ಗೌರವಿಸುತ್ತೇನೆ. ಆದರೆ ಮಗುವು ಮೊದಲ ಬಾರಿಗೆ ಮರಣವನ್ನು ಅಜ್ಜನ ಕೋಣೆಯಲ್ಲಿ ಕಾಣುವುದಕ್ಕಿಂತ, ತಾಯಿಯ ತೊಡೆಯ ಮೇಲೆ ಕುಳಿತು, ಬೇಡವೆನಿಸಿದಾಗ ಮುಚ್ಚಬಹುದಾದ ಪುಸ್ತಕವೊಂದರಲ್ಲಿ ಕಾಣುವುದು ಎಷ್ಟೋ ಸೌಮ್ಯವಾದದ್ದು. ಅತ್ತ ಮಗುವಿಗೆ ಕಥೆಯನ್ನು ತಿದ್ದಿಕೊಡಬೇಕಾಗಿಲ್ಲ; ಅದರ ತಲೆಯನ್ನು ನೇವರಿಸಿದರೆ ಸಾಕು. ಮರುದಿನ ಅದೇ ಕಥೆ ಬೇಕೆಂದು ಅದು ಹಟ ಹಿಡಿದರೆ, ನಿನ್ನೆ ತಾಳಲಾಗದೆ ಇದ್ದುದನ್ನು ಇಂದು ತಾಳಬಲ್ಲೆನೇ ಎಂದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿದೆಯೆಂದು ತಿಳಿಯಬೇಕು. ಅಂಥ ವೇಳೆ ‘ಇದನ್ನು ಆಗಲೇ ಓದಿಯಾಯಿತಲ್ಲ’ ಎಂದು ಹೊಸ ಪುಸ್ತಕವನ್ನು ಮುಂದೆ ತಳ್ಳುವುದು ದೊಡ್ಡ ತಪ್ಪು.

ಬಳಿಯಲ್ಲಿ ಕುಳಿತ ಹಿರಿಯರ ಮಾತನ್ನು ಹೇಳಿದೆನಷ್ಟೆ. ಹವಾಯಿ ದ್ವೀಪಸ್ತೋಮದ ಕವಾಯಿ ಎಂಬಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬಾಳನ್ನು ಎಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬ ಇಬ್ಬರು ವಿದುಷಿಯರು ಅವರ ನಲವತ್ತನೆಯ ವಯಸ್ಸಿನವರೆಗೂ ಬೆನ್ನುಹಿಡಿದು ಅಭ್ಯಸಿಸಿದರು. ಬಡತನ, ಮನೆಯ ಕಲಹ, ತಂದೆತಾಯಿಗಳ ಕಾಯಿಲೆ ಅಥವಾ ಕುಡಿತ ಇವುಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿನವರು, ಎಲ್ಲರ ನಿರೀಕ್ಷೆಗೆ ವಿರುದ್ಧವಾಗಿ, ಸಮರ್ಥರೂ ಸಹೃದಯರೂ ಆದ ವ್ಯಕ್ತಿಗಳಾಗಿ ಬೆಳೆದಿದ್ದರು. ಅವರ ಬಾಳಿನಲ್ಲಿ ಮತ್ತೆ ಮತ್ತೆ ಕಂಡುಬಂದ ಅಂಶವೆಂದರೆ, ತಾಯಿಯೋ ಅಜ್ಜಿಯೋ ಉಪಾಧ್ಯಾಯರೋ ನೆರೆಯವರೋ, ಯಾರಾದರೊಬ್ಬ ಹಿರಿಯರು ಅವರನ್ನು ಬಿಡದೆ ಹಚ್ಚಿಕೊಂಡಿದ್ದುದು. ಇನ್ನೊಂದು, ಹತ್ತು ವರ್ಷದ ಹೊತ್ತಿಗೆ ಅವರು ಚೆನ್ನಾಗಿ ಓದಬಲ್ಲವರಾಗಿದ್ದುದು. ದೂರದ ಸಮುದ್ರದ ನಡುವಣ ದ್ವೀಪದಲ್ಲಿ ಕಂಡ ಈ ಎರಡು ಅಂಶಗಳು ನಮ್ಮ ಜಗಲಿಯ ಮೇಲೆ ಅಜ್ಜಿಯೂ ಮೊಮ್ಮಗಳೂ ಒಂದು ಪುಸ್ತಕದ ಮೇಲೆ ಬಾಗಿ ಕುಳಿತಾಗ ಏಕತ್ರ ಕೂಡುತ್ತವೆ.

ಇನ್ನು ಓದನ್ನು ಕಲಿಯುವುದೇ ಒಂದು ಧೈರ್ಯದ ಕಾರ್ಯವೆಂಬುದನ್ನು ನಾವು, ಓದು ಉಸಿರಾಟದಷ್ಟು ಸಲೀಸಾದ ಮೇಲೆ, ಮರೆತುಬಿಡುತ್ತೇವೆ. ಕನ್ನಡದ ಮಗುವಿಗೆ ಸರಳಾಕ್ಷರಗಳ ಬಯಲು ಮುಗಿದು, ಕಾಗುಣಿತದ ಏರುದಾರಿ ಕಳೆದು, ಒತ್ತಕ್ಷರದ ಘಟ್ಟ ಎದುರಾದಾಗ ಆಗುವ ಭೀತಿಯನ್ನು ಬಲ್ಲವರು ಒಂದನೆಯ ಎರಡನೆಯ ತರಗತಿಯ ಉಪಾಧ್ಯಾಯರು ಮಾತ್ರ. ಅಮ್ಮ, ಅಕ್ಕ, ಅಣ್ಣ ಎಂಬ ಮನೆಯ ಮಾತುಗಳ ಬಲದಿಂದ ಮೊದಲ ಒತ್ತುಗಳನ್ನು ದಾಟಿದ ಮಗು, ಬರೆದ ಜಾಗವೊಂದು ಓದುವ ಜಾಗವೊಂದಾಗಿರುವ ಅರ್ಕಾವೊತ್ತಿನ ಬಳಿ ತಬ್ಬಿಬ್ಬಾಗುತ್ತದೆ. ‘ಸ್ವಾತಂತ್ರ್ಯ’ ಎಂಬ ಶಬ್ದದ ಮುಂದೆ ನಿಂತುಬಿಡುತ್ತದೆ. ಆ ನಿಂತ ಕ್ಷಣದಲ್ಲಿ ತರಗತಿ ನಕ್ಕರೆ, ಉಪಾಧ್ಯಾಯರು ಗದರಿದರೆ, ಮಗುವು ಆ ಶಬ್ದವನ್ನು ಮಾತ್ರವಲ್ಲ, ಪುಸ್ತಕವೆಂಬ ವಸ್ತುವನ್ನೇ ಅಪಮಾನದೊಡನೆ ಹೆಣೆದುಕೊಳ್ಳುತ್ತದೆ. ಅದಕ್ಕೆ ಬದಲಾಗಿ ಉಪಾಧ್ಯಾಯರು ಕಾದರೆ, ಒಂದೊಂದೇ ಅಕ್ಷರವನ್ನು ಬಿಡಿಸಿ ಜೊತೆಗೂಡಿ ಉಚ್ಚರಿಸಿದರೆ, ಎಡವುವುದು ಬೀಳುವುದಲ್ಲವೆಂಬ ಪಾಠವು ಯಾವ ಉಪದೇಶವೂ ಇಲ್ಲದೆ ಆ ಮಗುವಿನ ಮೈಗೆ ಹತ್ತುತ್ತದೆ. ಶಬ್ದವೊಂದರ ಮುಂದೆ ಸೋತು, ತಾಳಿ, ಮತ್ತೆ ಹೆಣಗಿ ಗೆದ್ದ ಮಗುವೇ ನಾಳೆ ಗಣಿತದ ಮುಂದೆ, ಪರೀಕ್ಷೆಯ ಮುಂದೆ, ಗೆಳೆಯರ ನಿರಾಕರಣೆಯ ಮುಂದೆ ನಿಲ್ಲತಕ್ಕದ್ದು.

ಈ ಘಟ್ಟದ ಕೆಳಗೇ ನಿಂತುಬಿಟ್ಟ ಮಕ್ಕಳ ಸಂಖ್ಯೆ ಅಲ್ಪವಾದುದಲ್ಲ. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಮೂರನೆಯ ತರಗತಿಯ ಮಕ್ಕಳ ಪೈಕಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ಐವರಿಗೆ ಒಬ್ಬರಷ್ಟೂ ಇರಲಿಲ್ಲ. ಶಾಲೆಗಳು ಮುಚ್ಚಿದ ಸಾಂಕ್ರಾಮಿಕದ ಕಾಲ ಕಳೆದು 2022ರಲ್ಲಿ, ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆ ಮತ್ತೆ ನಡೆದಾಗ ಆ ಪ್ರಮಾಣವು ಹತ್ತರಲ್ಲಿ ಒಬ್ಬರಿಗಿಂತಲೂ ಕೆಳಗೆ ಇಳಿದಿತ್ತು. ಅಂಥ ಮಗುವಿನ ಕೈಗೆ ಪುಸ್ತಕ ಕೊಟ್ಟು ‘ಓದು’ ಎಂದು ಆಜ್ಞಾಪಿಸುವುದು ಈಜು ಬಾರದವನನ್ನು ಮಡುವಿಗೆ ತಳ್ಳಿದಂತೆ. ಅದಕ್ಕೆ ಮೊದಲು ಓದಿ ಹೇಳುವವರು ಬೇಕು, ಕಥೆಯ ರುಚಿ ಹತ್ತಬೇಕು, ಆ ರುಚಿಯ ಆಸೆಗೆ ಅಕ್ಷರದ ಕಷ್ಟವನ್ನು ಅದು ತಾನಾಗಿ ಒಪ್ಪಿಕೊಳ್ಳಬೇಕು.

ಪುಸ್ತಕವಾದರೂ ಎಲ್ಲಿದೆ? ಎಷ್ಟೋ ಶಾಲೆಗಳಲ್ಲಿ ಅದು ಬೀರುವಿನಲ್ಲಿದೆ, ಬೀರುವಿಗೆ ಬೀಗವಿದೆ. ಬೀಗ ಹಾಕಿದ ಮುಖ್ಯೋಪಾಧ್ಯಾಯರನ್ನು ನಾನು ದೂಷಿಸಲಾರೆ. ದಾಸ್ತಾನು ಪುಸ್ತಕದಲ್ಲಿ ನಮೂದಾದ ಒಂದು ಪ್ರತಿ ಕಳೆದರೂ ಉತ್ತರ ಹೇಳಬೇಕಾದವರು ಅವರೇ. ತಪ್ಪು ಇರುವುದು, ಹರಿದ ಪುಸ್ತಕವನ್ನು ನಷ್ಟದ ಪಟ್ಟಿಗೆ ಸೇರಿಸುವ ನಮ್ಮ ಲೆಕ್ಕಾಚಾರದಲ್ಲಿ. ಗ್ರಂಥಾಲಯ ಶಾಸ್ತ್ರಕ್ಕೆ ಐದು ಸೂತ್ರಗಳನ್ನು 1931ರಲ್ಲಿ ಕೊಟ್ಟು, ತಮ್ಮ ಕಡೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್.ಆರ್. ರಂಗನಾಥನ್ ಅವರು ಪುಸ್ತಕವಿರುವುದು ಬಳಕೆಗಾಗಿ ಎಂಬುದನ್ನೇ ಮೊದಲ ಸೂತ್ರವನ್ನಾಗಿ ಇರಿಸಿ, ಐರೋಪ್ಯರು ಒಂದು ಕಾಲದಲ್ಲಿ ಪುಸ್ತಕಗಳನ್ನು ಸರಪಣಿಯಿಂದ ಬಿಗಿದಿಡುತ್ತಿದ್ದುದನ್ನು ಆ ಸಂದರ್ಭದಲ್ಲಿ ನೆನೆದರು. ಅವರಿಗೂ ಮೊದಲು ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ನಡೆದು ಓದುಗರ ಮನೆಯ ಬಾಗಿಲಿಗೆ ಮುಟ್ಟಿಸಿದ್ದರು. ಆ ಹೊರೆಯ ಋಣದಲ್ಲಿರುವ ನಾಡು ಮಕ್ಕಳ ಪುಸ್ತಕಕ್ಕೆ ಬೀಗ ಹಾಕುವುದು ಸಲ್ಲದು.

ನಮ್ಮಲ್ಲಿ ಸಾಧನಗಳಿಗೆ ಕೊರತೆಯಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಶಾಸನವಿದೆ. ನಾವು ಕಟ್ಟುವ ಮನೆಗಂದಾಯದೊಡನೆ ಗ್ರಂಥಾಲಯ ಕರವೂ ಸೇರಿದೆ. ಐದು ಸಾವಿರಕ್ಕೂ ಮಿಗಿಲಾದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2020ರಲ್ಲಿ ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವನ್ನೂ ಕೊಡಲಾಯಿತು. ಈಗ ಬೇಕಾದದ್ದು, ಶಾಲೆ ಬಿಟ್ಟ ಮೇಲಿನ ಸಂಜೆಯಲ್ಲಿಯೂ ಭಾನುವಾರಗಳಲ್ಲಿಯೂ ಆ ಬಾಗಿಲುಗಳು ತೆರೆದಿರುವಂತೆ ನೋಡಿಕೊಳ್ಳುವುದು. ಬಹುಕಾಲ ಅಲ್ಪ ಸಂಭಾವನೆಗೆ ದುಡಿದ ಅಲ್ಲಿನ ಮೇಲ್ವಿಚಾರಕರನ್ನು ಕಾವಲುಗಾರರೆಂದಲ್ಲದೆ ಕಥೆ ಹೇಳುವವರೆಂದು ಗಣಿಸಿ, ಅದಕ್ಕೆ ತಕ್ಕ ತರಬೇತಿಯನ್ನೂ ತಕ್ಕ ವೇತನವನ್ನೂ ಕೊಡುವುದು. ಹರಿದ ಪುಸ್ತಕಗಳಿಗೆಂದೇ ವರ್ಷಕ್ಕಿಷ್ಟು ಹಣವನ್ನು, ಯಾರಿಂದಲೂ ವಸೂಲು ಮಾಡದೆ, ತೆಗೆದಿರಿಸಿದರೆ ಬೀರುವಿನ ಬೀಗಗಳು ತಾವಾಗಿ ಬಿಚ್ಚಿಕೊಂಡಾವು.

ಮನೆಯವರಲ್ಲಿ ನನ್ನದೊಂದು ಬೇಡಿಕೆಯಿದೆ: ಕಥೆ ಮುಗಿದೊಡನೆ ‘ಇದರ ನೀತಿಯೇನು?’ ಎಂದು ಕೇಳದಿರಿ. ಪಂಜೆ ಮಂಗೇಶರಾಯರು ಶಾಲೆಗಳ ತನಿಖಾಧಿಕಾರಿಗಳಾಗಿದ್ದವರು. ಪ್ರಶ್ನೆ ಕೇಳುವುದೇ ಅವರ ಉದ್ಯೋಗವಾಗಿತ್ತು. ಆದರೂ ಮಕ್ಕಳಿಗಾಗಿ ಬರೆಯಲು ಕುಳಿತಾಗ ಆ ಅಧಿಕಾರವನ್ನು ಬಾಗಿಲ ಹೊರಗೆ ಬಿಟ್ಟು, ಇಲಿಗಳೊಡನೆ ಕುಣಿದು, ಹಾವಿನೊಡನೆ ಮಾತಾಡಿದರು. ರುಚಿಸದ ಪುಸ್ತಕವನ್ನು ಅರ್ಧಕ್ಕೆ ಬಿಡುವ, ರುಚಿಸಿದುದನ್ನು ಹತ್ತು ಬಾರಿ ಓದುವ ಸ್ವಾತಂತ್ರ್ಯ ಹಿರಿಯ ಓದುಗರಾದ ನಮಗೆ ಇರುವಂತೆ ಕಿರಿಯರಿಗೂ ಇರಬೇಕಾದದ್ದು ನ್ಯಾಯ.

ಒಂದು ಎಚ್ಚರಿಕೆಯನ್ನು ಹೇಳದೆ ಮುಗಿಸಿದರೆ ಅಪಚಾರವಾದೀತು. ಕೆಚ್ಚಿನ ಮಾತು ಹಿರಿಯರ ಹೊಣೆಗೇಡಿತನಕ್ಕೆ ಮರೆಯಾಗಬಾರದು. ಹಸಿದ ಮಗುವಿಗೆ ಬೇಕಾದದ್ದು ಅನ್ನ. ಹೊಡೆತ ತಿನ್ನುವ ಮಗುವಿಗೆ ಬೇಕಾದದ್ದು ಆ ಕೈಯನ್ನು ತಡೆಯುವ ಇನ್ನೊಂದು ಕೈ. ನಾವು ನಿವಾರಿಸಬಹುದಾದ ದುಃಖವನ್ನು ತಾಳಿಕೋ ಎಂದು ಮಗುವಿಗೆ ಬೋಧಿಸುವುದು ಕ್ರೌರ್ಯ. ಯಾರೂ ನಿವಾರಿಸಲಾರದ ದುಃಖಗಳು ಬದುಕಿನಲ್ಲಿ ಬೇಕಾದಷ್ಟಿವೆ. ಕಥೆಯ ಆಸರೆ ಬೇಕಾದದ್ದು ಅವುಗಳಿಗೆ.

ಕೆಲವು ತಿಂಗಳ ಹಿಂದೆ ಹಳ್ಳಿಯೊಂದರ ಗ್ರಂಥಾಲಯದ ಜಗಲಿಯಲ್ಲಿ ಅಜ್ಜಿಯೊಬ್ಬಳು ಎಂಟು ವರ್ಷದ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದುದನ್ನು ಕಂಡೆ. ಅಜ್ಜಿಗೆ ಅಕ್ಷರ ಬಾರದು. ಹುಡುಗಿಯ ಮಡಿಲಲ್ಲಿ ಗೋವಿನ ಹಾಡಿನ ಚಿತ್ರಪುಸ್ತಕವಿತ್ತು. ಅವಳು ಬೆರಳನ್ನು ಸಾಲಿನ ಕೆಳಗೆ ಸರಿಸುತ್ತ, ಕಾಗುಣಿತವನ್ನು ಕೂಡಿಸುತ್ತ ಬಂದು, ಹುಲಿಯ ಹೆಸರಿನ ಅರ್ಕಾವೊತ್ತಿನಲ್ಲಿ ತಡೆದು ನಿಂತಳು. ಹಾಡನ್ನು ತನ್ನ ಅಜ್ಜಿಯಿಂದ ಕೇಳಿ ಕಲಿತಿದ್ದ ಮುದುಕಿಯು ಪುಸ್ತಕದತ್ತ ನೋಡದೆಯೇ ಆ ಹೆಸರನ್ನು ಮೆಲ್ಲನೆ ಉಚ್ಚರಿಸಿದಳು; ಹುಡುಗಿ ಅಕ್ಷರವನ್ನೊಮ್ಮೆ, ಅಜ್ಜಿಯ ಬಾಯನ್ನೊಮ್ಮೆ ನೋಡಿ ಮುಂದುವರಿದಳು. ಕರುವನ್ನು ಬೀಳ್ಕೊಡುವ ಕಡೆ ಅವಳ ದನಿ ನಡುಗಿ ನಿಂತಿತು. ಅಜ್ಜಿ ಏನೂ ಹೇಳಲಿಲ್ಲ. ಸೆರಗಿನಿಂದ ಅವಳ ಮುಖವನ್ನು ಒರೆಸಿ, ಕೈಯನ್ನು ಅವಳ ಬೆನ್ನ ಮೇಲೆ ಹಾಗೆಯೇ ಇರಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಹುಡುಗಿ ಪುಟವನ್ನು ಹಿಂದಕ್ಕೆ ತಿರುವಿ, ಹಾಡನ್ನು ಮೊದಲಿನಿಂದ ಓದತೊಡಗಿದಳು.