ಗಾಡಿಗೂ ಮುಯ್ಯಾಳು ಬೇಕು ಕಣ್ರಮ್ಮ

ನಮ್ಮ ಬಳ್ಳಾಪುರದ ಕಡೆ ಈಗ ಹೆಣ್ಣು ಕೊಡೋಕೆ ಬಂದೋರೂ ಮೊದ್ಲು ಕೇಳೋದು ಎರಡೇ ಮಾತು. ಬೋರಲ್ಲಿ ನೀರೈತಾ, ಮನೆ ಮುಂದೆ ನಿಂತಿರೋ ಪಿಕಪ್ ಸಾಲ ತೀರೈತಾ. ಮೂರನೇ ಮಾತು ಗಂಡಸ್ರು ಜಗಲಿ ಮೇಲೆ ಕೂತು ಕಾಫಿ ಕುಡಿಯುವಾಗ ಬತ್ತದೆ. "ಗಾಡಿ ಮೈಲೇಜ್ ಎಷ್ಟು ಕೊಡ್ತದೆ?" ಒಬ್ರು ಹದಿನಾಲ್ಕು ಅಂದ್ರೆ ಪಕ್ಕದೋರು ನಮ್ದು ಹದಿನೈದು ಅಂತಾರೆ. ಮೈಲೇಜ್ ವಿಷಯದಲ್ಲಿ ಕಮ್ಮಿ ಹೇಳ್ಕೊಂಡೋರ್ನ ನಾನು ಇವತ್ತಿನವರ್ಗೂ ಕಂಡಿಲ್ಲ. ಹಸದ ಹಾಲಿನ ಲೆಕ್ಕನೂ ಇಂಗೇ ಅಲ್ವಾ, ಮಾರುವಾಗ ಹತ್ತು ಲೀಟರು, ಡೈರಿ ಬುಕ್ಕಲ್ಲಿ ನೋಡಿದ್ರೆ ಆರು.

ಆ ಮೈಲೇಜ್ ಅನ್ನೋ ಲೆಕ್ಕ ಮನೆ ನಡ್ಸೋಳಿಗೆ ಸಾಲದು ಅನ್ನೋದು ನನ್ನ ಮಾತು. ಒಂದು ಕ್ರೇಟು ಮಾರ್ಕೆಟ್ ಮುಟ್ಟೋ ಹೊತ್ಗೆ ಎಷ್ಟು ರೂಪಾಯಿ ಡೀಸೆಲ್ ಕುಡೀತು ಅಂತ ನಾವು ಕೇಳ್ಬೇಕು. ಯಾಕೆ ಅಂತ ಲೆಕ್ಕ ಹಾಕಿ ತೋರಿಸ್ತೀನಿ, ಸ್ತ್ರೀಶಕ್ತಿ ಸಂಘದ ಪುಸ್ತಕ ಬರ್ಯೋ ಕೈಗೆ ಇದೇನು ದೊಡ್ಡದಲ್ಲ.

ನಮ್ಮೂರಿಂದ ಬೆಂಗ್ಳೂರು ಮಾರ್ಕೆಟ್ಟು ಹೋಗೋಕೆ ನಲವತ್ತು, ಬರೋಕೆ ನಲವತ್ತು, ಒಟ್ಟು 80 ಕಿಲೋಮೀಟರ್ ಅಂತ ಇಟ್ಕೊಳ್ಳಿ. 2025ರ ಏಪ್ರಿಲ್ ಒಂದನೇ ತಾರೀಕು ನಮ್ಮ ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರ್ಸಿದ್ಮೇಲೆ ಬೆಂಗ್ಳೂರಲ್ಲಿ ಲೀಟರು 91 ರೂಪಾಯಿ ಆಯ್ತಲ್ಲ, ಅದ್ನೇ ಹಿಡಿಯಾಣ. ಟೊಮೊಟೊ ಕ್ರೇಟು ಒಂದಕ್ಕೆ ಹದಿನೈದು ಕೆಜಿ. ಗಾಡಿಗೆ ನೂರು ಕ್ರೇಟು ಹಾಕಿದ್ರೆ ಒಂದೂವರೆ ಟನ್. ಆ ಭಾರ ಹೊತ್ಕೊಂಡು ಹೋಗಿ ಖಾಲಿ ಬರೋಕೆ 7 ಲೀಟರ್ ಬೇಕು ಅನ್ಕೊಳ್ಳಿ, 637 ರೂಪಾಯಿ. ಕ್ರೇಟಿಗೆ ಬಿದ್ದಿದ್ದು 6 ರೂಪಾಯಿ 37 ಪೈಸೆ. ಮೈಲೇಜ್ ಎಷ್ಟಾಯ್ತು? ಹನ್ನೊಂದೂವರೆಗೂ ಕಮ್ಮಿ. ಜಗಲಿ ಮೇಲೆ ಹೇಳ್ಕೊಳ್ಳೋಕೆ ನಾಚ್ಕೆ.

ಈಗ ಅದೇ ಗಾಡೀಲಿ ಮೂವತ್ತೇ ಕ್ರೇಟು ಹಾಕಿ. ನಾಲ್ಕೂವರೆ ಕ್ವಿಂಟಾಲ್ ಅಷ್ಟೇ, ಗಾಡಿ ಹಗೂರಾಗಿ ಓಡ್ತದೆ, 6 ಲೀಟರಲ್ಲಿ ಹೋಗಿ ಬತ್ತದೆ. ಮೈಲೇಜು ಹದಿಮೂರು ದಾಟ್ತು. ಮೀಸೆ ತಿರುವ್ಕೋಬೋದು. ಆದ್ರೆ 546 ರೂಪಾಯ್ನ ಮೂವತ್ತು ಕ್ರೇಟಿಗೆ ಹಂಚಿ ನೋಡಿ, ಒಂದೊಂದಕ್ಕೆ 18 ರೂಪಾಯಿ ಮೇಲೆ! ಮೈಲೇಜ್ ಚೆನ್ನಾಗಿ ಬಂದ ದಿನವೇ ಕ್ರೇಟಿಗೆ ಮೂರರಷ್ಟು ಖರ್ಚು. ಟೊಮೊಟೊ ರೇಟ್ ಬಿದ್ದು ಕ್ರೇಟು ನೂರು ರೂಪಾಯಿಗೆ ಹೋದ ವಾರ, ಆ ಹದಿನೆಂಟು ಎಲ್ಲಿಂದ ಬತ್ತದೆ? ನಾವು ಹಾಲಿನ ದುಡ್ಡಲ್ಲಿ ತುಂಬ್ಕೊಡ್ತೀವಿ. ಮಗೀಗೆ ಸ್ಕೂಲ್ ಫೀಸು ಮುಂದಿನ ತಿಂಗ್ಳು ಕಟ್ಟಾಣ ಅಂತೀವಿ.

ಯಾಕಿಂಗೆ ಅಂದ್ರೆ, ಗಾಡಿ ತನ್ನ ಮೈಯ್ಯನ್ನೇ ಹೊತ್ಕೊಂಡು ಹೋಗೋಕೆ ಡೀಸೆಲ್ ಬೇಕಲ್ಲ. ಬೊಲೆರೋ ಪಿಕಪ್ ಖಾಲಿ ನಿಂತ್ರೂ ಒಂದೂವರೆ ಟನ್ ಮೇಲೇ ತೂಗ್ತದೆ. ನೀವು ಮೂವತ್ತು ಕ್ರೇಟು ಹಾಕಿ ನೂರು ಕ್ರೇಟು ಹಾಕಿ, ಆ ಖರ್ಚು ಇದ್ದದ್ದೇ. ಮೇಲೆ ಹಾಕೋ ಲೋಡು ತಿನ್ನೋದು ಅದರ ಮೇಲಿನ ಚೂರು. ಒಂದು ಸೇರು ಅಕ್ಕಿ ಬೇಯ್ಸೋಕೂ ಎರಡು ಸೇರು ಬೇಯ್ಸೋಕೂ ಸೌದೆ ಎರಡರಷ್ಟು ಬೇಕಾಗಲ್ಲ, ಅಂಗೇ.

ಭಾರ ಜಾಸ್ತಿ ತಿನ್ನೋದು ದಿಬ್ಬ ಹತ್ತುವಾಗ, ಮತ್ತೆ ನಿಂತು ನಿಂತು ಹೊರಡುವಾಗ. ನಮ್ಮ ಕಣ್ಣೆದುರಿಗೇ ನಂದಿ ಬೆಟ್ಟ ಐತೆ, ಸಮುದ್ರ ಮಟ್ಟದಿಂದ 1478 ಮೀಟರ್. ಬುಡದಿಂದ ತುದಿಗೆ ಒಂದು ಟನ್ ಭಾರ ಹತ್ತಿಸ್ಬೇಕು ಅಂದ್ರೆ, ಇಂಜಿನ್ನಲ್ಲಿ ಬಿಸಿಯಾಗಿ ಹಾಳಾಗೋದೂ ಸೇರಿ, ಆ ಒಂದು ಟನ್ನಿಗೇ ಹೆಚ್ಚುಕಮ್ಮಿ ಅರ್ಧ ಲೀಟರ್ ಡೀಸೆಲ್ ಉರೀತದೆ. ಬಯಲು ರಸ್ತೇಲಿ ಒಂದೇ ಸಮ ಓಡಿದ್ರೆ ಅಷ್ಟಿಲ್ಲ. ಆದ್ರೆ ಯಲಹಂಕ ದಾಟಿದ್ಮೇಲೆ ಒಂದೇ ಸಮ ಓಡೋದು ಎಲ್ಲಿ ಬಂತು, ಸಿಗ್ನಲ್ಲು, ಹಂಪ್ಸು, ಮುಂದೆ ಬಸ್ಸು. ಪ್ರತಿ ಸಲ ಬ್ರೇಕ್ ಒತ್ತಿದಾಗ್ಲೂ ಅಷ್ಟು ಹೊತ್ತು ಡೀಸೆಲ್ ಸುಟ್ಟು ಸಂಪಾದ್ಸಿದ ಓಟವೆಲ್ಲ ಬ್ರೇಕ್ ಲೈನರಲ್ಲಿ ಬಿಸಿಯಾಗಿ ಹೋಯ್ತು. ಅದ್ಕೇ ಹೊತ್ತಾರೆ ಮೂರು ಗಂಟೆಗೆ ಹೊರಟ ಗಾಡಿಗೂ ಆರು ಗಂಟೆಗೆ ಹೊರಟ ಗಾಡಿಗೂ ಡೀಸೆಲ್ಲಲ್ಲೇ ವ್ಯತ್ಯಾಸ ಕಾಣ್ತದೆ.

ಇನ್ನೊಂದು ಕಳ್ಳ ಐತೆ, ಗಾಳಿ. ಇದ್ನ ನಮ್ಮೋರು ನಂಬಲ್ಲ. ಅಮೆರಿಕದಲ್ಲಿರೋ ನಮ್ಮಕ್ಕನ ಮಗಳು ಹೇಳ್ತಿರ್ತಾಳೆ, ಅಲ್ಲಿನ ಜನ ರಜಾ ಬಂತು ಅಂದ್ರೆ ಮಲಗೋ ಮಂಚ, ಒಲೆ, ಬಚ್ಚಲು ಎಲ್ಲಾ ಇರೋ ಒಂದು ಮನೇನೇ ಟ್ರೈಲರ್ ಮಾಡಿ, ಫೋರ್ಡೋ ರ‍್ಯಾಮೋ ದೊಡ್ಡ ಡೀಸೆಲ್ ಪಿಕಪ್ ಹಿಂದಕ್ಕೆ ಕಟ್ಕೊಂಡು ಊರೂರು ತಿರುಗ್ತಾರಂತೆ. ನಮ್ಮಲ್ಲಿ ಟ್ರ್ಯಾಕ್ಟರಿಗೆ ಟ್ರೈಲರ್ ಕಟ್ಟಿದಂಗೆ. ಆ ಗಾಡಿಗಳು ಒಂದೇ ಹೋದ್ರೆ ಲೀಟರಿಗೆ ಎಂಟು ಕಿಲೋಮೀಟರ್ ಕೊಡೋದು, ಆ ಮನೆ ಹಿಂದೆ ಬಂತು ಅಂದ್ರೆ ನಾಲ್ಕಕ್ಕೆ ಇಳೀತದೆ. ಭಾರ ಒಂದೇ ಕಾರಣ ಅಲ್ಲ, ಆ ಎತ್ತರದ ಗೋಡೆ ಗಾಳಿಗೆ ಎದೆ ಕೊಟ್ಕೊಂಡು ನಿಂತಿರ್ತದಲ್ಲ, ದೊಡ್ಡ ರೋಡಲ್ಲಿ ಜೋರಾಗಿ ಹೋಗುವಾಗ ಅದೇ ಜಾಸ್ತಿ ಎಳೀತದೆ.

ನಮ್ಮಲ್ಲಿ ಆ ಗೋಡೆ ಯಾವ್ದು ಗೊತ್ತಾ? ರಾಗಿ ಹುಲ್ಲಿನ ಲೋಡು. ತೂಕ ನೋಡಿದ್ರೆ ಏನೂ ಇಲ್ಲ, ಎತ್ತರ ಮಾತ್ರ ಕರೆಂಟ್ ತಂತಿ ಮುಟ್ಟಂಗೆ. ಹುಲ್ಲು ಹಗೂರ ಅಲ್ವಾ ಅಂತ ಹುಡುಗ್ರು ಎಂಬತ್ತರಲ್ಲಿ ಓಡಿಸ್ತಾರೆ. ಅರವತ್ತರಿಂದ ಎಂಬತ್ತಕ್ಕೆ ಏರ್ಸಿದ್ರೆ ಗಾಳಿ ಒತ್ತು ಒಂದೂಮುಕ್ಕಾಲು ಪಟ್ಟು ಆಯ್ತದೆ. ಮಾರ್ಕೆಟ್ಟಿಂದ ವಾಪಸ್ ಬರುವಾಗ ಖಾಲಿ ಕ್ರೇಟುಗಳ್ನ ಕ್ಯಾಬಿನ್ನಿಗಿಂತ ಎರಡಾಳು ಎತ್ತರ ಪೇರಿಸ್ಕೊಂಡು ಬತ್ತಾರಲ್ಲ, ಅದೂ ಇದೇ ಕತೆ. ಟಾರ್ಪಾಲು ಕಟ್ದೆ ಪಟಪಟ ಬಡಿಸ್ಕೊಂಡು ಬಂದ್ರೆ ಇನ್ನೂ ಸರಿ! ದಾಬಸ್‌ಪೇಟೆಯಿಂದ ನಮ್ಮ ಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಸ್ಯಾಟಲೈಟ್ ರಿಂಗ್ ರೋಡ್ ಆದ್ಮೇಲೆ ಈ ಚಪಲ ಜಾಸ್ತಿ ಆಗೈತೆ, ರೋಡು ಕನ್ನಡಿಯಂಗೈತೆ, ಕಾಲು ತಾನಾಗೇ ಒತ್ತುತ್ತದೆ. ಸರ್ಕಾರದ ಪೆಟ್ರೋಲಿಯಂ ಉಳಿತಾಯದ ಸಂಸ್ಥೆ ಪಿಸಿಆರ್‌ಎನೋರು ಎಷ್ಟೋ ವರ್ಷದಿಂದ ಹೇಳ್ತಾನೇ ಅವ್ರೆ, ನಲವತ್ತೈದರಿಂದ ಐವತ್ತೈದರೊಳಗೆ ಓಡ್ಸಿ ಅಂತ. ಐವತ್ತೈದಕ್ಕೆ ನಮ್ಮ ಹುಡುಗ್ರು ಒಪ್ಪಲ್ಲ ಬಿಡಿ, ಅರವತ್ತಕ್ಕೆ ನಿಂತ್ರೂ ನಾನು ತಿರುಪ್ತಿಗೆ ಮುಡಿ ಕೊಡ್ತೀನಿ.

ಟೈರಿಗೆ ವಾರಕ್ಕೊಂದು ಸಲ ಗಾಡಿ ಓಡ್ಸೋಕೆ ಮುಂಚೆ ಗಾಳಿ ನೋಡ್ಸೋದು, ಇಂಜಿನ್ ಸುಮ್ಸುಮ್ನೆ ಆನಲ್ಲಿ ಬಿಡದೇ ಇರೋದು, ಇವೆಲ್ಲ ನಿಮಗೆ ಗೊತ್ತಿರೋದೇ. ಹೊಸಕೋಟೆಯಲ್ಲಿ ಬೆಳಗಿನ ಜಾವ ಬಿರಿಯಾನಿ ಕ್ಯೂನಲ್ಲಿ ನಿಂತ್ಕೊಂಡು ಗಾಡೀನ ಗುರ್ ಅನ್ನಿಸ್ತಾನೇ ಬಿಟ್ಟಿರೋ ಮಹಾನುಭಾವ್ರು ಅವ್ರೆ. ಗಂಟೆಗೆ ಅರ್ಧ ಲೀಟರ್ ಮೇಲೇ ಹೋಯ್ತದೆ ಅಂಗೆ. ಬಿರಿಯಾನಿ ರೇಟಿಗೆ ಅದನ್ನೂ ಸೇರ್ಸ್ಕೊಳ್ಳಿ.

ಈಗ ನಮ್ಮನೆಯವ್ರ ವಾದ ಕೇಳಿ. "ನೀನೇ ಹೇಳ್ತೀಯಲ್ಲ, ಜಾಸ್ತಿ ಹಾಕಿದಷ್ಟೂ ಕ್ರೇಟಿಗೆ ಡೀಸೆಲ್ ಕಮ್ಮಿ ಅಂತ. ಅಂಗಾರೆ ನೂರೈವತ್ತು ಹಾಕ್ತೀನಿ, ಎರಡು ಟ್ರಿಪ್ ಬದ್ಲು ಒಂದೇ." ಡೀಸೆಲ್ ಲೆಕ್ಕದಲ್ಲಿ ಅವ್ರು ಹೇಳೋದು ಸರೀನೇ, ನಾನು ಇಲ್ಲ ಅನ್ನಲ್ಲ. ಆದ್ರೆ ಡೀಸೆಲ್ಲಲ್ಲಿ ಉಳಿದ ದುಡ್ಡು ಕಟ್ಟು ಪಟ್ಟೀಲಿ, ಕ್ಲಚ್ಚಲ್ಲಿ, ಹಿಂದಿನ ಟೈರಲ್ಲಿ ಹೋಯ್ತದೆ, ಅದು ಆವತ್ತೇ ಕಾಣಲ್ಲ, ಆರು ತಿಂಗ್ಳಾದ್ಮೇಲೆ ಮೆಕಾನಿಕ್ ಬಾಯಲ್ಲಿ ಕೇಳ್ಬೇಕಾಯ್ತದೆ. ಗಾಡಿ ಎಷ್ಟು ಹೊರಬೋದು ಅನ್ನೋದು ಆರ್‌ಸಿಯಲ್ಲೇ ಬರ್ದೈತೆ. ಪಿಕಪ್ಪಲ್ಲೇ 1.3 ಟನ್ ಹೊರೋದೂ ಐತೆ, 1.7 ಟನ್ ಹೊರೋದೂ ಐತೆ. ನಿಮ್ಮನೇದು ಯಾವ್ದು ಅಂತ ಒಂದ್ಸಲ ನೋಡಿ. 1.3 ಟನ್ನಿನ ಗಾಡಿ ಆದ್ರೆ ನಾನು ಮೇಲೆ ಹೇಳಿದ ನೂರು ಕ್ರೇಟೂ ಜಾಸ್ತೀನೇ, ಎಂಬತ್ತೈದಕ್ಕೆ ನಿಲ್ಲಿಸ್ಬೇಕು. ಇನ್ನು 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದಿದ್ರಲ್ಲ, ಅದರ ಪ್ರಕಾರ ಓವರ್‌ಲೋಡಿಗೆ ದಂಡ 20,000 ರೂಪಾಯಿ, ಮೇಲೆ ಹೆಚ್ಚಿಗೆ ಇರೋ ಒಂದೊಂದು ಟನ್ನಿಗೂ 2,000. ಎಷ್ಟು ಟ್ರಿಪ್ಪಿನ ಡೀಸೆಲ್ ಅದು? ದುಡ್ಡು ಬಿಡಿ, ಬ್ರೇಕ್ ಹಿಡೀಲಿಲ್ಲ ಅಂದ್ರೆ ಕತ್ಲಲ್ಲಿ ಹೋದೋರು ಮನೆಗೆ ಬರ್ಬೇಕಲ್ಲ.

ಹಂಗಾಗಿ ಗಾಡಿ ತುಂಬ್ಬೇಕು, ಮೀರಬಾರ್ದು. ನಮ್ಮಂತ ಎರಡು ಎಕರೆ, ಮೂರು ಎಕರೆ ಮನೆಗೆ ದಿನಾ ಗಾಡಿ ತುಂಬೋಷ್ಟು ಬೆಳೆ ಎಲ್ಲಿ ಬತ್ತದೆ? ಮೊದಲ್ನೇ ಕುಯ್ಲಲ್ಲಿ ಇಪ್ಪತ್ತು ಕ್ರೇಟು, ಕೊನೇ ಕುಯ್ಲಲ್ಲಿ ಹದಿನೈದು. ನಮ್ಮ ಬೀದೀಲೇ ನೋಡಿ, ಮೂರು ಮನೆ, ಮೂರು ಪಿಕಪ್ಪು, ಮೂರಕ್ಕೂ ಕಂತು. ಹೊತ್ತಾರೆ ಒಂದರ ಹಿಂದೆ ಒಂದು ಹೊರಡ್ತವೆ, ಮೂರರಲ್ಲೂ ಮೂವತ್ತು ಮೂವತ್ತು ಕ್ರೇಟು. ಮೂರೂ ಹೋಗೋದು ಒಂದೇ ಮಾರ್ಕೆಟ್ಟಿಗೆ. ಹದಿನೆಂಟು ಲೀಟರು, 1,638 ರೂಪಾಯಿ. ತೊಂಬತ್ತು ಕ್ರೇಟೂ ಒಂದೇ ಗಾಡೀಲಿ ಹೋಗಿದ್ರೆ ಏಳೇ ಲೀಟರು, 637. ದಿನಕ್ಕೆ ಸಾವಿರ ರೂಪಾಯಿ ನಮ್ಮ ಮೂರು ಮನೆ ಮುಂದಿನ ಹೊಗೇಲಿ ಹೋಯ್ತಾ ಐತೆ. ಎರಡು ಮನೆ ಗಂಡಸ್ರಿಗೆ ನಿದ್ದೆಗೇಡು ಬೇರೆ.

ನಮ್ಮತ್ತೆ ಕಾಲದಲ್ಲಿ ನಾಟಿಗೆ, ಕಳೆಗೆ, ಕಣ ಮಾಡೋಕೆ ಮುಯ್ಯಾಳು ಹೋಗ್ತಿದ್ರು. ಇವತ್ತು ನಿಮ್ಮೊಲಕ್ಕೆ ನಾವು, ನಾಳೆ ನಮ್ಮೊಲಕ್ಕೆ ನೀವು. ಕೂಲಿ ದುಡ್ಡು ಕೈ ಬದಲಾಗ್ತಿರ್ಲಿಲ್ಲ, ಲೆಕ್ಕ ಮಾತ್ರ ಒಬ್ರಿಗೂ ತಪ್ತಿರ್ಲಿಲ್ಲ. ಗಾಡಿಗೂ ಅಂಗೇ ಮಾಡಾಣ ಅಂತೀನಿ. ಸೋಮವಾರ ಒಬ್ರ ಗಾಡಿ, ಬುಧವಾರ ಇನ್ನೊಬ್ರದ್ದು, ಶುಕ್ರವಾರ ಮತ್ತೊಬ್ರದ್ದು. ಹೊರಟ ಗಾಡಿಯೋರು ಡೀಸೆಲ್ ಹಾಕ್ಕೋಬೇಕು. ಕ್ರೇಟು ಹೆಚ್ಚುಕಮ್ಮಿ ಆದ್ರೆ ತಿಂಗ್ಳ ಕೊನೇಲಿ ಕ್ರೇಟಿಗಿಷ್ಟು ಅಂತ ಸರಿ ಮಾಡ್ಕೋಬೇಕು.

ಗಂಡಸ್ರು ಇದ್ಕೆ ಯಾಕೆ ಒಪ್ಪಲ್ಲ ಅಂದ್ರೆ ನೂರು ನೆಪ. ನಮ್ಮ ಮಂಡಿ ಬೇರೆ, ಅವ್ರ ಮಂಡಿ ಬೇರೆ. ನಮ್ಮ ಬೀನ್ಸ್ ಮೂಟೆ ಅವ್ರ ಟೊಮೊಟೊ ಮೇಲೆ ಬಿದ್ರೆ? ನಮ್ಮ ರೇಟು ಅವ್ರಿಗೆ ಗೊತ್ತಾಯ್ತದೆ. ಈ ಕೊನೇದು ನಿಜವಾದ ಕಾರಣ ಕಣ್ರಮ್ಮ, ಮಿಕ್ಕಿದ್ದೆಲ್ಲ ಬರೀ ಮಾತು. ಸ್ವಂತ ಗಾಡಿ ಮನೆ ಮುಂದೆ ನಿಂತಿರುವಾಗ ಪಕ್ಕದ್ಮನೆ ಗಾಡೀಲಿ ಕ್ರೇಟು ಕಳ್ಸಿದ್ರೆ ಮರ್ವಾದೆ ಹೋಯ್ತದಂತೆ. ಕಂತು ಕಟ್ಟೋಕೆ ನಮ್ಮ ಓಲೆ ಅಡ ಇಟ್ಟಾಗ ಆ ಮರ್ವಾದೆ ಎಲ್ಲಿರ್ತದೋ ನಂಗೊತ್ತಿಲ್ಲ. ಹೂವಿನೋರ್ನ ನೋಡಿ ಕಲೀಬೇಕು. ರೋಜಾ, ಸೇವಂತಿಗೆ ಬೆಳ್ಯೋರು ಎಷ್ಟೋ ಊರಲ್ಲಿ ಒಂದೇ ಗಾಡಿಗೆ ಹತ್ತು ಮನೆ ಚೀಲ ಹಾಕಿ, ಚೀಲದ ಮೇಲೆ ಹೆಸ್ರು ಬರ್ದು ಕಳಿಸ್ತಾರೆ. ಯಾರ ಮರ್ವಾದೆನೂ ಹೋಗಿಲ್ಲ.

ಮೊದ್ಲು ಪುಸ್ತಕ ಶುರು ಮಾಡಿ, ಮಾತು ಆಮೇಲೆ ಆಡಾಣ. ಬಂಕಲ್ಲಿ ಐನೂರಕ್ಕೆ ಹಾಕಿ, ಸಾವಿರಕ್ಕೆ ಹಾಕಿ ಅಂದ್ರೆ ಎಷ್ಟು ಕುಡೀತು ಅಂತ ಯಾವತ್ತೂ ಗೊತ್ತಾಗಲ್ಲ. ಒಂದ್ಸಲ ಟ್ಯಾಂಕ್ ಫುಲ್ ಮಾಡ್ಸಿ ಮೀಟರಲ್ಲಿರೋ ಕಿಲೋಮೀಟರ್ ಬರ್ಕೊಳ್ಳಿ. ಮುಂದಿನ ಸಲ ಅದೇ ಬಂಕಲ್ಲಿ ಮತ್ತೆ ಫುಲ್ ಮಾಡ್ಸಿ. ಆವತ್ತು ಎಷ್ಟು ಲೀಟರ್ ಹಿಡೀತೋ ಅಷ್ಟೇ ನಡುವೆ ಖರ್ಚಾಗಿದ್ದು. ಪಕ್ಕದ ಕಲಂನಲ್ಲಿ ಎಷ್ಟು ಕ್ರೇಟು, ಎಷ್ಟು ಮೂಟೆ ಹೋಯ್ತು ಅಂತ ಬರೀರಿ, ಅದನ್ನ ಲೋಡ್ ಮಾಡೋರು ನಾವೇ ಅಲ್ವಾ, ಯಾರ್ನೂ ಕೇಳ್ಬೇಕಾಗಿಲ್ಲ. ಹುಲ್ಲು, ಗೊಬ್ಬರ, ಮದ್ವೆ ಪಾತ್ರೆ ಸಾಮಾನು ಹೊಡ್ದಿದ್ದು ಬೇರೆ ಗುರ್ತು ಹಾಕಿ. ಮೂರು ಮನೇಲೂ ಎರಡು ತಿಂಗ್ಳು ಇಂಗೆ ಬರೆದ್ರೆ, ಮೂರು ಪುಸ್ತಕ ಒಂದೇ ಕಡೆ ಬಿಚ್ಚಿಟ್ಟು ಗಂಡಸ್ರ ಮುಂದೆ ಇಡಬೋದು.

ನಾನು ನಮ್ಮ ಓರಗಿತ್ತಿಗೂ ಎದುರ್ಮನೆ ಅಕ್ಕನಿಗೂ ಹೇಳಿವ್ನಿ, ಇಬ್ರೂ ಪುಸ್ತಕ ತಂದವ್ರೆ. ಅಕ್ಕನದ್ದು ಒಂದೇ ತಕರಾರು, ಮಾರ್ಕೆಟ್ಟಲ್ಲಿ ಇಳಿಸೋ ಹಮಾಲಿ ಕೂಲಿ ಯಾರ ಲೆಕ್ಕಕ್ಕೆ, ಗಾಡಿಯೋರ್ದಾ ಕ್ರೇಟಿನೋರ್ದಾ ಅಂತ. ಕ್ರೇಟಿನೋರ್ದೇ ಅಂತ ನಾನು, ಗಾಡಿಯೋರ್ದು ಅಂತ ಅವ್ಳು. ನಿಮ್ಮೂರಲ್ಲಿ ಹೆಂಗೆ ಮಾಡ್ತೀರಾ, ಗೊತ್ತಿದ್ದೋರು ತಿಳಿಸ್ರಮ್ಮ.