ಕ್ಯಾಮೆರಾ ಬಯಲಿನ ಕಡೆಗೂ ತಿರುಗಲಿ

ಆಕಾಶದಿಂದ ತೆಗೆದ ಗ್ರ್ಯಾಂಡ್ ಕ್ಯಾನ್ಯನ್ ಚಿತ್ರ ನೋಡದವರು ಕಡಿಮೆ. ಕೊಲರಾಡೊ ನದಿ ಕೊರೆದ 446 ಕಿ.ಮೀ. ಉದ್ದದ ಆ ಕಣಿವೆ ಎಲ್ಲಿಂದ ತೆಗೆದರೂ ಚಂದವೇ. ಆದರೆ ಅದರ ಭವ್ಯತೆ ಅಂಚಿನಲ್ಲಿ ನಿಂತವರಿಗೂ ದಕ್ಕುತ್ತದೆ. ಮೇಲಿನಿಂದ ನೋಡದೆ ಅರ್ಥವೇ ಆಗದ ನೆಲ ಬಯಲು.

ಚಳ್ಳಕೆರೆಯ ಬಯಲುಸೀಮೆಯಲ್ಲಿ ಬೆಳೆದು ಡೆನ್ವರ್‌ನಲ್ಲಿ ನೆಲೆಸಿರುವ ನಾನು, ಕಾನ್ಸಾಸ್ ಕಡೆಗೆ ವಿಮಾನದಲ್ಲಿ ಹೊರಟಾಗಲೆಲ್ಲ ಬಿಸಿಲು ಬೀಳದ ಬದಿಯ ಕಿಟಕಿ ಸೀಟನ್ನೇ ಕೇಳಿ ಪಡೆಯುತ್ತೇನೆ. ಕೆಳಗೆ ಕಾಣುವುದು 1785ರ ಭೂ ಕಾಯ್ದೆಯ ಕ್ರಮದಂತೆ ಅಳೆದ ಮೈಲಿಗೊಂದು ಚೌಕ. ಚೌಕಗಳೊಳಗೆ ಸುಮಾರು ಅರ್ಧ ಮೈಲಿ ಅಗಲದ ಹಸಿರು ವೃತ್ತಗಳು. ಕೊಲರಾಡೊದ ರೈತ ಫ್ರಾಂಕ್ ಝೈಬಾಕ್ 1952ರಲ್ಲಿ ಪೇಟೆಂಟ್ ಪಡೆದ ಯಂತ್ರ ಬರೆದ ವೃತ್ತಗಳಿವು. ಹೊಲದ ನಡುವೆ ಒಂದು ತುದಿ ನೆಟ್ಟ ಉದ್ದನೆಯ ಪೈಪು ಚಕ್ರಗಳ ಮೇಲೆ ಸುತ್ತುತ್ತಾ ನೀರು ಚಿಮುಕಿಸುತ್ತದೆ. ಆ ನೀರು ಎಂಟು ರಾಜ್ಯಗಳಡಿ ಹಬ್ಬಿರುವ ಒಗಲ್ಲಾಲಾ ಅಂತರ್ಜಲದ್ದು. ಪಶ್ಚಿಮ ಕಾನ್ಸಾಸ್‌ನಲ್ಲಿ ಮಳೆ ಇಂಗಿಸುವುದಕ್ಕಿಂತ ಪಂಪು ಎತ್ತುವುದೇ ಬಹಳ ಹೆಚ್ಚು.

ಕೆಲವು ವೃತ್ತಗಳು ಅರ್ಧ ಹಸಿರು, ಅರ್ಧ ಕಂದು. ಕಟಾವು ಮುಗಿದಿರಬಹುದು, ಪಾಳು ಬಿಟ್ಟಿರಬಹುದು, ಬಾವಿಯೇ ಸೊರಗಿರಬಹುದು. ಒಂದು ಚಿತ್ರದಿಂದ ಅದು ತಿಳಿಯದು. ಅದೇ ಹೊಲವನ್ನು ವರ್ಷ ವರ್ಷವೂ ತೆಗೆದು ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ. ಬಯಲಿನ ಛಾಯಾಗ್ರಹಣಕ್ಕೆ ಬೇಕಾದದ್ದು ಬೆರಗಿಗಿಂತ ಮಿಗಿಲಾಗಿ ಈ ಪಟ್ಟು.

ನಮ್ಮ ಬಯಲುಸೀಮೆಗೂ ಈ ಮಾತು ಸಲ್ಲುತ್ತದೆ. ಮಳೆಗಾಲ ಬಂತೆಂದರೆ ಜೋಗದ ಡ್ರೋನ್ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ; ಬರಲಿ. ಜೊತೆಗೆ ತಾಲ್ಲೂಕಿಗೊಂದು ಕೆರೆ ಆರಿಸಿಕೊಳ್ಳೋಣ. ಅದರ ಅಂಗಳ, ತೂಬು, ಕೋಡಿ, ನೀರು ಹರಿದುಬರುವ ಹಳ್ಳ, ಅಚ್ಚುಕಟ್ಟು ಎಲ್ಲವೂ ಸೇರುವಂತೆ ಪ್ರತಿವರ್ಷ ಅದೇ ತಿಂಗಳು, ಅದೇ ಎತ್ತರದಿಂದ ಚಿತ್ರ ತೆಗೆದು ಅಚ್ಚು ಹಾಕೋಣ. ಉಪಗ್ರಹದ ಚಿತ್ರಗಳಿವೆಯಲ್ಲ ಎನ್ನಬಹುದು. ಇವೆ, ನಿಜ. ಆದರೆ ರೈತ ತನ್ನ ಹೊಲದ ಬದು, ಬದುವಿನ ಬೇವಿನ ಮರ ಗುರುತಿಸಿ ‘ಇದು ನಮ್ಮದು’ ಎನ್ನಬಲ್ಲ ಚಿತ್ರ ಬೇರೆಯದೇ ಬಲದ್ದು.

ಹಳ್ಳ ಎಲ್ಲಿ ಮುಚ್ಚಿತು, ಅಂಗಳ ಎಷ್ಟು ಒತ್ತುವರಿಯಾಯಿತು ಎಂಬುದು ಅದರಲ್ಲಿ ಕಾಣುತ್ತದೆ. ಕೊಳವೆಬಾವಿಯನ್ನು ಇನ್ನಷ್ಟು ಆಳಕ್ಕೆ ಕೊರೆಸುವ ಮುನ್ನ ಗ್ರಾಮಸಭೆಯಲ್ಲಿ ಮುಂದಿಟ್ಟು ಕೇಳಲು ಊರಿನ ಕೈಯಲ್ಲಿ ಅಂಥ ಸಾಕ್ಷಿ ಇರಲೇಬೇಕು.