ವೀರನ ನುಡಿ, ಊರಿನ ಋಣ

ವಿಜ್ಞಾನ ಕಥೆಗಳನ್ನು ಬರೆಯುವವರಿಗೆ ಹೊಸ ಹೊಸ ಯೋಧಕುಲಗಳನ್ನು ಕಲ್ಪಿಸುವುದೆಂದರೆ ಬಲು ಹಿಗ್ಗು. ಅಮೆರಿಕದ ಲೇಖಕ ಫ್ರಾಂಕ್ ಹರ್ಬರ್ಟ್ 1965ರಲ್ಲಿ ಪ್ರಕಟಿಸಿದ 'ಡ್ಯೂನ್' ಕಾದಂಬರಿಯಲ್ಲಿ ಮರಳುಗಾಡಿನ ಗ್ರಹವೊಂದರ ಫ್ರೆಮೆನ್ ಎಂಬ ಜನರಿದ್ದಾರೆ. ಅವರ ನಾಯಕನೊಬ್ಬನು ಅನ್ಯರ ಸಭೆಗೆ ಬಂದು, ಮೇಜಿನ ಮೇಲೆ ಉಗುಳುತ್ತಾನೆ. ಸಭೆ ಕೆರಳುತ್ತದೆ. ಆದರೆ ಹನಿ ನೀರಿಗೂ ಬರವಿರುವ ನಾಡಿನಲ್ಲಿ ತನ್ನ ಮೈಯ ನೀರನ್ನು ಚೆಲ್ಲುವುದು ಗೌರವದ ಕಾಣಿಕೆ! 'ಸ್ಟಾರ್ ಟ್ರೆಕ್' ಎಂಬ ದೂರದರ್ಶನ ಕಥಾಮಾಲೆಯ ಕ್ಲಿಂಗನ್ ಯೋಧರಿಗಂತೂ ಒಂದು ಭಾಷೆಯನ್ನೇ ಕಟ್ಟಿಕೊಟ್ಟು, 1985ರಲ್ಲಿ ಅದರ ನಿಘಂಟನ್ನೂ ಅಚ್ಚುಹಾಕಿಸಿದರು. ಕಾದಿ ಮಡಿಯುವುದೇ ಬಾಳಿನ ಸಾರ್ಥಕ್ಯವೆಂಬುದು ಆ ಜನರ ನಂಬಿಕೆ.

ಇಂಥ ಸಂಜ್ಞೆಗಳನ್ನೂ ನಂಬಿಕೆಗಳನ್ನೂ ಕಾಣಲು ನಾವು ಬೇರೆ ಗ್ರಹಕ್ಕೆ ಹೋಗಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಕೆರೆಯ ಏರಿಯ ಮೇಲೋ ಗುಡಿಯ ಮಗ್ಗುಲಲ್ಲೋ ಹೊಗೆಸೊಪ್ಪಿನ ಹೊಲದ ಬದುವಿನಲ್ಲೋ ವೀರಗಲ್ಲುಗಳು ನಿಂತಿವೆ. ಅಕ್ಷರವೇ ಇಲ್ಲದ ವೀರಗಲ್ಲೂ ಮಾತನಾಡುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ಮಡಿದವನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗದ ಸನ್ನಿಧಿ. ತುದಿಯಲ್ಲಿ ಸೂರ್ಯಚಂದ್ರರು, ಅವರಿರುವವರೆಗೆ ಈ ಕೀರ್ತಿ ಇರಲೆಂಬ ಸೂಚನೆ. ಬಳೆ ತೊಟ್ಟು ಮೇಲೆತ್ತಿದ ತೋಳೊಂದೇ ಇದ್ದರೆ ಅದು ಮಾಸ್ತಿಕಲ್ಲು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನವು ಚಿತೆಯೇರಿದ ದೇಕಬ್ಬೆಯ ಕಥೆಯನ್ನು ಹೇಳುತ್ತದೆ. ಬಂಧುಗಳು ಬೇಡವೆಂದು ತಡೆದರೂ ಆಕೆ ನಿಲ್ಲಲಿಲ್ಲ. ಶಾಸನ ಆಕೆಯನ್ನು ಹೊಗಳುತ್ತದೆ; ನನ್ನ ಮನಸ್ಸು ಮಾತ್ರ ತಡೆಯಲು ಹೋದವರ ಕಡೆಗೇ ವಾಲುತ್ತದೆ.

ವೀರರ ನಿಷ್ಠೆಗೂ ಹಳಗನ್ನಡದಲ್ಲಿ ಹೆಸರುಗಳಿದ್ದವು. ಒಡೆಯನ ಅನ್ನವುಂಡ ಋಣವನ್ನು ಪ್ರಾಣ ಕೊಟ್ಟು ತೀರಿಸುವುದು ಜೋಳವಾಳಿ. ಒಡೆಯನು ಅಳಿದ ವೇಳೆಯಲ್ಲಿ ತಾನೂ ಅಳಿಯುವೆನೆಂಬ ಪ್ರತಿಜ್ಞೆ ವೇಳೆವಾಳಿ. ಹೊಯ್ಸಳರ ಕಾಲದಲ್ಲಿ ಇಂಥವರಿಗೆ ಗರುಡರೆಂದು ಹೆಸರು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಇಮ್ಮಡಿ ಬಲ್ಲಾಳನ ಗರುಡನಾದ ಕುವರ ಲಕ್ಷ್ಮನ ಕಂಬವಿದೆ. ಎಡಗಾಲಿನ ತೊಡರು ಅವನ ಪ್ರತಿಜ್ಞೆಯ ಗುರುತು. ಅದನ್ನು ಕಂಡವರಿಗೆ ಬೇರೆ ಮಾತು ಬೇಕಿರಲಿಲ್ಲ. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರ ಶಿಲ್ಪಗಳಿವೆ. ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೂ ಕೇಳದಿರಲಾರೆ: ದೊರೆಯಂತೂ ಹೋದ, ಈ ಸಾವಿನಿಂದ ಯಾರ ಮನೆ ಉಳಿಯಿತು?

ತುರುಗೊಳ್ ಎಂದರೆ ದನಗಳನ್ನು ಸೆರೆಹಿಡಿದು ಒಯ್ಯುವುದು. ಪೆಣ್ಬುಯ್ಯಲ್ ಎಂದರೆ ಅಪಾಯಕ್ಕೆ ಸಿಕ್ಕಿದ ಹೆಂಗಸರ ಮೊರೆ. ಇವನ್ನು ಕೇಳಿ ಓಡಿಬಂದು ಮಡಿದವನ ಕಲ್ಲಿನ ಮುಂದೆ ಆ ಪ್ರಶ್ನೆ ಏಳುವುದಿಲ್ಲ. ಅವನು ಸತ್ತದ್ದು ಕೊಟ್ಟಿಗೆಗಾಗಿ, ಮನೆಗಾಗಿ. ಗರುಡನಿಗಿಂತ ಈ ಹೆಸರಿಲ್ಲದ ಒಕ್ಕಲಿಗನೇ ನನಗೆ ದೊಡ್ಡವನು.

ಅದಕ್ಕಿಂತ ಹೆಚ್ಚಿನದು ಇನ್ನೊಂದಿದೆ. ಕಲ್ಪನೆಯ ಯೋಧರ ಸೂತ್ರಗಳು ಹೇಗೆ ಸಾಯಬೇಕೆಂಬುದನ್ನು ಸೊಗಸಾಗಿ ಹೇಳುತ್ತವೆ. ಸತ್ತವನ ಮನೆಯವರು ನಾಳೆ ಏನು ಉಣ್ಣಬೇಕೆಂಬುದನ್ನು ಅಷ್ಟಾಗಿ ಯೋಚಿಸುವುದಿಲ್ಲ. ನಮ್ಮ ಶಾಸನಗಳು ಅದನ್ನು ಮರೆತಿಲ್ಲ. ಮಡಿದವನ ಮನೆಯವರಿಗೆ ಕೊಟ್ಟ ಭೂಮಿ ನೆತ್ತರುಗೊಡಗೆ. ವೀರನ ಕತ್ತಿಯನ್ನು ತೊಳೆದು ಮಾಡುತ್ತಿದ್ದ ದತ್ತಿಗೆ ಬಾಳ್ಗಚ್ಚು ಎಂದು ಹೆಸರು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಸುಮಾರು 950ರಲ್ಲಿ, ಕಾಡುಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿಯೂ ದೊರೆಯಿತು. ಋಣವೆಂಬುದು ವೀರನ ಪಾಲಿಗೆ ಮಾತ್ರವಲ್ಲ, ಉಳಿದವರ ಪಾಲಿಗೂ ಇತ್ತು.

ಕಾಳಿಯ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ. ಹಳ್ಳಿಗಳಲ್ಲಿ ಉಳಿದವು ಅಷ್ಟು ಪುಣ್ಯ ಮಾಡಿಲ್ಲ. ಕೆಲವು ಮೋರಿಗೆ ಚಪ್ಪಡಿಯಾಗಿವೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ. ಒಗೆಯುವವರ ಕೈ ತಾಗಿ ತಾಗಿ ಮೊದಲು ಸವೆಯುವುದು ವೀರನ ಮುಖ. ಅವನು ಕಾದು ಉಳಿಸಿದ ಹಸುಗಳು ಕೆಳಗಿನ ಪಟ್ಟಿಕೆಯಲ್ಲಿ ಇನ್ನೂ ಕಾಣಿಸುತ್ತಿರುತ್ತವೆ.